ಸ್ಟೇಪ್ಲರ್ ಹೊಡೆದ ಪಾಠ

ಕಳಮನಾ ಸಗಟು ಮಂಡಿಯ ಹಿಂದಿನ ಮಹಾಪಾಲಿಕೆ ಶಾಲೆಗೆ ತುಂಗಾಬಾಯಿ ಪ್ರತಿ ಶನಿವಾರ ಸೂಕ್ಷ್ಮದರ್ಶಕ ಹೊತ್ತುಕೊಂಡು ಹೋಗುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ನಾಲ್ಕು ಜನರನ್ನು ಕೂಡಿಸಿ ವಿಜ್ಞಾನ ಜಾಗರ ಮಂಡಳ ಎಂಬ ಸಂಘ ಕಟ್ಟಿದ್ದರು. ೨೦೦೧ರ ಜುಲೈನಲ್ಲಿ ಒಂದು ದಿನ ಹುಡುಗಿಯೊಬ್ಬಳ ಪುಸ್ತಕ ತೆಗೆದರೆ, ಜೀವವಿಕಾಸದ ಪಾಠದ ಹಾಳೆಗಳಿಗೆಲ್ಲ ಸ್ಟೇಪ್ಲರ್ ಹೊಡೆದಿತ್ತು. ಪಕ್ಕದವಳದ್ದೂ ಹಾಗೇ. ಹತ್ತನೇ ತರಗತಿಯ ಎಲ್ಲರದ್ದೂ ಹಾಗೇ.

"ಶಾಲಾ ಸಮಿತಿ ಅಧ್ಯಕ್ಷರ ಹುಕುಂ," ಎಂದರು ಹೆಡ್‌ಮಾಸ್ಟರು, ನೆಲ ನೋಡುತ್ತ. "ಇಂಥದ್ದು ಓದಿದರೆ ಮಕ್ಕಳು ಕೆಡ್ತಾರಂತೆ."

ತುಂಗಾಬಾಯಿ ಶಿಕ್ಷಣ ಕಚೇರಿಗೆ ಮೂರು ಪತ್ರ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಪಾಲಕರ ಸಭೆ ಇದೆ ಎಂದು ಗೊತ್ತಾದಾಗ ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ಗಂಡ ಬಿಂದುಮಾಧವರಾಯರು ತಡೆದರು.

"ನಿನಗ್ಯಾಕ ಬೇಕು ಈ ಉಸಾಬರಿ? ನಾವು ಹೊರಗಿನವರು."

"ಧಾರವಾಡ ಬಿಟ್ಟು ಈ ಮರಾಠಿ ಊರಿಗೆ ಬಂದು ಮೂವತ್ತು ವರ್ಷ ಆತ್ರಿ. ಇನ್ನೂ ಎಷ್ಟು ದಿನ ಹೊರಗಿನವರು?"

ಸಭೆಯಲ್ಲಿ ಅಧ್ಯಕ್ಷರು ಮೈಕ್ ಹಿಡಿದು, ಮನುಷ್ಯ ಮಂಗನಿಂದ ಹುಟ್ಟಿದ ಎನ್ನುವ ಪಾಠ ನಮ್ಮ ಪೂರ್ವಜರಿಗೆ ಅವಮಾನ ಎಂದರು. ತುಂಗಾಬಾಯಿ ಎದ್ದು ನಿಂತು ಮರಾಠಿಯಲ್ಲಿ ಕೇಳಿದರು: "ಹಾಗಂತ ಪುಸ್ತಕದಲ್ಲಿ ಎಲ್ಲಿದೆ ಸಾಹೇಬರೇ? ನೀವು ಓದಿದ್ದೀರಾ?"

ಅಧ್ಯಕ್ಷರ ಮುಖ ಕೆಂಪಾಯಿತು. "ನಿಮ್ಮ ಮಂಡಳಕ್ಕೆ ಇವತ್ತಿನಿಂದ ಈ ಶಾಲೆಯೊಳಗೆ ಪ್ರವೇಶ ಇಲ್ಲ. ಹೊರಡಿ."

"ಹೊರಡ್ತೀನಿ. ಪಾಠ ಓದಿ ಹೊರಡ್ತೀನಿ."

ಮುಂದಿನ ಸಾಲಿನ ಹುಡುಗಿಯ ಪುಸ್ತಕ ತೆಗೆದುಕೊಂಡು ಉಗುರಿನಿಂದ ಪಿನ್ನು ಎಬ್ಬಿಸುವಾಗ ಬೆರಳಿಗೆ ಚುಚ್ಚಿ ರಕ್ತ ಬಂತು. ಅದನ್ನು ಸೆರಗಿಗೆ ಒರೆಸಿಕೊಂಡು ಓದತೊಡಗಿದರು. ಯಾರೋ ಫ್ಯಾನು, ದೀಪ ಆರಿಸಿದರು. ಅವರು ಕಿಟಕಿಯ ಬೆಳಕಿಗೆ ಸರಿದು, ಮೀನಿನ ರೆಕ್ಕೆಯಿಂದ ಹಿಡಿದು ಮನುಷ್ಯನ ಕೈಯವರೆಗೆ ಓದುತ್ತಲೇ ಹೋದರು.

ಹಿಂದಿನ ಸಾಲಿನಿಂದ ಕಲಾವತಿ ಎದ್ದಳು. ಮಂಡಿಯಲ್ಲಿ ಮೆಣಸಿನಕಾಯಿ ಆರಿಸುವವಳು. "ನನಗೆ ಓದೋಕೆ ಬರೋದಿಲ್ಲ," ಎಂದಳು ಅಧ್ಯಕ್ಷರಿಗೆ. "ಅದಕ್ಕೇ ಮಗಳನ್ನ ಇಲ್ಲಿಗೆ ಕಳಿಸೋದು. ಅವಳು ಏನು ಓದಬಾರದು ಅಂತ ಹೇಳೋಕೆ ನೀವ್ಯಾರು?" ಮಗಳ ಪುಸ್ತಕ ಕಿತ್ತುಕೊಂಡು ಹಲ್ಲಿನಿಂದಲೇ ಪಿನ್ನು ಎಳೆದಳು. ಅವಳನ್ನು ನೋಡಿ ಇನ್ನೊಬ್ಬಳು, ಆಮೇಲೆ ಐದಾರು ಜನ. ಎಲ್ಲರೂ ಅಲ್ಲ; ಕೆಲವರು ಮಕ್ಕಳ ಕೈ ಹಿಡಿದು ಎದ್ದು ಹೋದರು. ಅಧ್ಯಕ್ಷರೂ ಹೋದರು.

ಬುಧವಾರ ನಿಷೇಧದ ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ತುಂಗಾಬಾಯಿ ಸಹಿ ಹಾಕಿ ತೆಗೆದುಕೊಂಡರು. ಶನಿವಾರ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ಸ್ಟೂಲು ಹಾಕಿ ಸೂಕ್ಷ್ಮದರ್ಶಕ ಇಟ್ಟರು. ಗಂಟೆ ಹೊಡೆದ ಮೇಲೆ ಹತ್ತೊಂಬತ್ತು ಮಕ್ಕಳು ಬಂದು ಸಾಲು ನಿಂತವು. ಹೆಡ್‌ಮಾಸ್ಟರು ಗೇಟಿನ ಒಳಗಿನಿಂದ ನೋಡಿದರು, ಬೇಡ ಅನ್ನಲಿಲ್ಲ.

"ಒಂದು ಕಣ್ಣು ಮುಚ್ಚು, ಇನ್ನೊಂದರಿಂದ ನೋಡು," ಎಂದರು ತುಂಗಾಬಾಯಿ ಮೊದಲನೆಯವಳಿಗೆ.