ಬಾಜ್‌ನ ಗೋರಿ

"ಆಳಕ್ಕೆ ಅಗೀಲೇ ಸೂಳೆಮಗನೆ. ನಾಯಿ ಹೂಳ್ತಿಲ್ಲ ಇಲ್ಲಿ, ಬಾಜ್‌ನ ಹೂಳ್ತಿದೀವಿ."

ಕುದುರೆ ಪಡೆಯ ರಿಸಾಲ್ದಾರ್ ಬಖ್ತಾವರ್ ಸಿಂಗ್ ಬೂಟಿನಿಂದ ಒದ್ದ ಮಣ್ಣು ಗುಂಡಿಯೊಳಗಿದ್ದ ಸಂತುವಿನ ತಲೆಯ ಮೇಲೆ ಬಿತ್ತು. ಅಂಬಾಲಾ ದಂಡಿನಲ್ಲಿ ಕುದುರೆ ಸತ್ತರೆ ಎಳೆದೊಯ್ದು ಚರ್ಮ ಸುಲಿಯುವುದು ಸಂತುವಿನಂಥ ಚಮಾರರ ಕೆಲಸ. ಬಾಜ್‌ಗೆ ಮಾತ್ರ ಗೋರಿ, ಮೇಲೊಂದು ಕೆತ್ತಿದ ಕಲ್ಲು. ಗಡಿ ಕಾಳಗದಲ್ಲಿ ಗುಂಡೇಟು ತಿಂದ ರಿಸಾಲ್ದಾರನನ್ನು ಹೊತ್ತು ತಂದ ಕುದುರೆಯಲ್ಲವೇ!

ನಿಜಕ್ಕೂ ಹೊತ್ತು ತಂದವನು ಸಂತುವಿನ ಅಣ್ಣ ರುಲ್ದು. ಕುದುರೆಗಳಿಗೆ ಹುಲ್ಲು ಕೊಯ್ಯುವವನು. ಬಾಜ್ ಬೆದರಿ ಓಡಿಹೋಗಿತ್ತು. ನೀರು ನೀರು ಎಂದು ಅತ್ತ ಬಖ್ತಾವರನಿಗೆ ರುಲ್ದು ತನ್ನ ತೊಗಲ ಚೀಲದಿಂದಲೇ ಕುಡಿಸಿದ. ಬೆನ್ನಿನಿಂದ ಇಳಿಸುವಾಗ ರುಲ್ದುವಿಗೇ ಗುಂಡು ಬಿತ್ತು. ಎತ್ತುವವರಿಲ್ಲದೆ ಹೆಣ ನರಿಗಳ ಪಾಲಾಯಿತು. ಕಂಡವನು ಸಂತು ಒಬ್ಬನೇ. ಅವನು ತಂದದ್ದು ಆ ಚೀಲವನ್ನಷ್ಟೇ.

ನಿನ್ನೆ ಕರ್ನಲ್ ಸಾಹೇಬ ಸಂತುವನ್ನು ಕರೆಸಿದ್ದ. ದಂಡಿನ ಚರಿತ್ರೆ ಬರೆಯುತ್ತಿದ್ದವನು ಅರೆಬರೆ ಹಿಂದೂಸ್ತಾನಿಯಲ್ಲಿ ಕೇಳಿದ, "ರಿಸಾಲ್ದಾರರನ್ನ ಯಾರು ತಂದರು?"

ಪಕ್ಕದಲ್ಲಿ ಬಖ್ತಾವರ್ ಚಾಟಿ ಸವರುತ್ತಿದ್ದ.

"ಕುದುರೆ ತಂತು, ಹುಜೂರ್."

ಸಂಜೆ ಅತ್ತಿಗೆ ಭಾಗೋ ಕೇಳಿದಳು, "ನಿಮ್ಮಣ್ಣನ ಹೆಸರು ಬರೆಸಿದ್ಯಾ?"

"ಹೂಂ ಅತ್ತಿಗೆ."

ಅವಳು ರೊಟ್ಟಿಯ ಮೇಲೆ ಬೆಲ್ಲದ ಚೂರಿಟ್ಟಳು. ಸಂತು ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಸತ್ತ ಅಣ್ಣನನ್ನು ತಾನೇ ಇನ್ನೊಮ್ಮೆ ಕೊಂದಂತಾಗಿ, ಅವಳ ಮುಖ ನೋಡಲು ನಾಚಿ ಗೋಡೆಗೆ ತಿರುಗಿ ಕೂತ.

ಇಂದು ಭಾಗೋ ಒಗೆದ ದುಪಟ್ಟಾ ಹೊದ್ದು ದೂರದ ಲಾಯದ ಬಳಿ ನಿಂತಿದ್ದಳು. ಬಾಜ್‌ನ ಮೇಲೆ ಮಣ್ಣು ಎಳೆದಾಯಿತು. ಕರ್ನಲ್ ಕಲ್ಲಿನ ಬರಹ ಓದಿದ. ಕುದುರೆಯ ಹೆಸರು, ರಿಸಾಲ್ದಾರನ ಹೆಸರು. ಅಷ್ಟೇ. ಭಾಗೋ ಕಲ್ಲನ್ನು ನೋಡಲಿಲ್ಲ, ಸಂತುವನ್ನೇ ನೋಡಿದಳು.

ಬಖ್ತಾವರ್ ಪದ್ಧತಿಯಂತೆ ಕತ್ತಿಯ ಹಿಡಿಯನ್ನು ಮುಂದೆ ಚಾಚಿದ. ಕರ್ನಲ್ ಅದನ್ನು ಮುಟ್ಟಿ ಅವನ ನಿಷ್ಠೆ ಒಪ್ಪಿಕೊಳ್ಳುವ ಹೊತ್ತಿಗೆ ಸಂತು ಸೊಂಟದ ಚೀಲ ಬಿಚ್ಚಿ ನಡುವೆ ಬಂದು ನಿಂತ.

"ಕುಡೀರಿ ರಿಸಾಲ್ದಾರ್ ಸಾಹೇಬ್ರೆ. ಅವತ್ತು ನಮ್ಮಣ್ಣನ ಬೆನ್ನ ಮೇಲೆ ಕೂತು ಕುಡಿದ್ರಲ್ಲ, ಅದೇ ಚೀಲ."

"ಸುಳ್ಳು ಬೊಗಳ್ತಾನೆ, ಬೋಳಿಮಗ," ಎಂದ ಬಖ್ತಾವರ್ ಅರಿವಿಲ್ಲದೆ ತುಟಿ ಒರೆಸಿಕೊಂಡ. ಅದನ್ನು ಎಲ್ಲರೂ ಕಂಡರು. ಪಕ್ಕದ ಸವಾರ ಅವನಿಂದ ಒಂದು ಹೆಜ್ಜೆ ಸರಿದ. ಅವನಾಚೆಯವನೂ ಸರಿದ.

ಗೆದ್ದೆ ಅನ್ನಿಸಲಿಲ್ಲ ಸಂತುವಿಗೆ. ಅವರು ಸರಿದದ್ದು ಬಖ್ತಾವರನ ಸುಳ್ಳಿಗಲ್ಲ, ಅವನು ಕುಡಿದ ಚಮಾರನ ನೀರಿಗೆ ಹೇಸಿ.

ಬಖ್ತಾವರನ ಚಾಟಿ ಸಂತುವಿನ ಬೆನ್ನಿಗೆ ಬಿತ್ತು. ಸಂತು ಚೀಲ ಇಳಿಸಲಿಲ್ಲ.

"ರುಲ್ದು ಅಂತ ಬರ್ಕೊಳ್ಳಿ ಹುಜೂರ್. ಹುಲ್ಲು ಕೊಯ್ಯೋ ರುಲ್ದು."

ಕರ್ನಲ್ ಮುಖ ತಿರುಗಿಸಿ ಕೈಗವಸು ಹಾಕಿಕೊಂಡ. ಮತ್ತೆ ಚಾಟಿ ಎದ್ದಿತು. ಸವಾರರ ಸಾಲನ್ನು ಸೀಳಿಕೊಂಡು ಬಂದ ಭಾಗೋ ಗಂಡನ ಚೀಲಕ್ಕೆ ಬಾಯಿಟ್ಟು ಗಟಗಟ ಕುಡಿದಳು.