ನನ್ನ ಕಾರ್ಡಿಗೆ ಬಂದ ಕಾಗದ

ಕಾಗದವನ್ನು ಎರಡು ಸಲ ಓದಿದೆ. ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿದೆ, ಕ್ಯಾನ್ಸರ್ ಹೌದೋ ಅಲ್ಲವೋ ನೋಡಬೇಕು, ಒಂದು ವಾರದೊಳಗೆ ಆಸ್ಪತ್ರೆಗೆ ಬನ್ನಿ ಎಂದಿತ್ತು. ಹೆಸರು ನನ್ನದು, ವಯಸ್ಸು ನನ್ನದು, ಕಾರ್ಡ್ ನಂಬರೂ ನನ್ನದೇ. ಎದೆ ಮಾತ್ರ ನನ್ನದಲ್ಲ.

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಹೋಟೆಲುಗಳ ಹಾಸು, ಹೊದಿಕೆ, ಟವೆಲ್ಲು ದಿನಕ್ಕೆ ಎರಡು ಲಾರಿ ಬರುತ್ತವೆ. ನಾನು ಮಡಿಸುವ ಮೇಜಿನ ಮೇಲ್ವಿಚಾರಕಿ, ಹದಿನೆಂಟು ವರ್ಷದ ಸರ್ವಿಸ್ಸು. ಒಬ್ಬಳಿಗೆ ಬಸ್ಸು ತಪ್ಪಿದರೆ ಇನ್ನೊಬ್ಬಳು ಗೇಟಿನ ಯಂತ್ರದಲ್ಲಿ ಅವಳ ಕಾರ್ಡನ್ನೂ ಒತ್ತುವುದು ಇಲ್ಲಿ ಹೊಸದಲ್ಲ. ಕಾರ್ಡಿನಲ್ಲಿ ಫೋಟೋ ಇಲ್ಲ, ಬರೀ ನಂಬರು. ಹಾಗಾಗಿ ಹೋದ ತಿಂಗಳು ಎದೆ ತಪಾಸಣೆಯ ವ್ಯಾನು ಅಂಗಳಕ್ಕೆ ಬಂದು, ಕಾಯಂ ಕೆಲಸದ ಹೆಂಗಸರೆಲ್ಲ ಹೋಗಲೇಬೇಕೆಂದು ಮ್ಯಾನೇಜರು ಪಟ್ಟಿ ಹಿಡಿದು ನಿಂತಾಗ ನಾನು ಹಿಂದೆಮುಂದೆ ನೋಡಲಿಲ್ಲ. ಇಸ್ತ್ರಿ ಯಂತ್ರದ ಮುಂದೆ ಬೇಯುತ್ತಿದ್ದ ನನ್ನ ನಾದಿನಿಯ ಕೈಗೆ ಕಾರ್ಡು ತುರುಕಿದೆ. ಅವಳು ಗುತ್ತಿಗೆಯವಳು, ಅವಳ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ.

"ನನ್ನ ಬದಲು ಹೋಗಿ ಬಾ. ಇಲ್ಲದ ಕಾಯಿಲೆ ಹುಡುಕಿಸಿಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?"

ಹತ್ತು ನಿಮಿಷ ನೆರಳು ಸಿಕ್ಕಿತೆಂದು ಅವಳು ನಗುತ್ತಲೇ ಹೋದಳು.

ನಿಜ ಹೇಳುತ್ತೇನೆ. ಕಾಗದ ಓದಿದಾಗ ಮೊದಲು ನನಗಾದದ್ದು ಸಮಾಧಾನ. ಸದ್ಯ, ನಾನಲ್ಲ! ಮರುಗಳಿಗೆಯೇ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಅವಳಿಗೆ ಏಳು ವರ್ಷದ ಮಗಳಿದ್ದಾಳೆ. ಆ ಮಗು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು.

ಊಟದ ಬಿಡುವಿನಲ್ಲಿ ನಾದಿನಿಯನ್ನು ಸೋಪಿನ ಗೋದಾಮಿಗೆ ಎಳೆದುಕೊಂಡು ಹೋಗಿ ಕಾಗದ ಕೊಟ್ಟೆ. ಓದಿ, ಮಡಿಸಿ, ನನ್ನ ಕೈಗೇ ವಾಪಸ್ ಇಟ್ಟಳು.

"ನಿನ್ನ ಹೆಸರಿದೆ ಅತ್ತಿಗೆ. ನಿಂದೇ ಇದು."

"ಹುಚ್ಚುಚ್ಚಾಗಿ ಆಡಬೇಡ. ಒಳಗೆ ಹೋದವಳು ನೀನು."

"ಹಾಗಂತ ಆಸ್ಪತ್ರೇಲಿ ಹೇಳ್ತೀಯಾ? ಅವರು ಇಲ್ಲಿಗೆ ಫೋನ್ ಮಾಡ್ತಾರೆ. ಕಾರ್ಡ್ ಮೋಸ ಅಂತ ನನ್ನನ್ನ ಗೇಟಿಂದ ಆಚೆ ಹಾಕ್ತಾರೆ. ನಿನ್ನನ್ನೂ ಬಿಡಲ್ಲ."

"ಹಾಕಲಿ. ಜೀವಕ್ಕಿಂತ ಹೆಚ್ಚಾ?"

"ನಂಗೇನೂ ನೋವಿಲ್ಲ. ನೋವಿಲ್ದೆ ಕ್ಯಾನ್ಸರ್ ಬರುತ್ತಾ?"

ನನಗೂ ಗೊತ್ತಿರಲಿಲ್ಲ.

ನಾಲ್ಕು ದಿನ ಅವಳು ನನ್ನ ಕಣ್ಣು ತಪ್ಪಿಸಿ ಓಡಾಡಿದಳು. ಗಡುವಿಗೆ ಇನ್ನೆರಡೇ ದಿನ. ನಾನು ಮಡಿಸಿದ ಹಾಸುಗಳ ಅಂಚಿಗೆ ಅಂಚು ಕೂಡುತ್ತಿರಲಿಲ್ಲ, ಹದಿನೆಂಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಐದನೆಯ ದಿನ ಬೆಳಿಗ್ಗೆ ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋಗಿ ಕಾರ್ಡನ್ನು ಮೇಜಿನ ಮೇಲಿಟ್ಟೆ.

"ವ್ಯಾನಿಗೆ ಹೋಗಿದ್ದು ನಾನಲ್ಲ, ನನ್ನ ನಾದಿನಿ. ಕಳಿಸಿದ್ದು ನಾನು. ಕೆಲಸದಿಂದ ತೆಗೆಯೋದಾದ್ರೆ ನನ್ನನ್ನ ತೆಗೀರಿ. ಅವಳಿಗೆ ಇವತ್ತು ರಜೆ ಕೊಡಿ."

ಅವರು ಕೂಗಾಡಿದರು. ಕಾಗದ ಓದಿದ ಮೇಲೆ ತಣ್ಣಗಾದರು. ನನ್ನ ಮೇಲ್ವಿಚಾರಣೆ ಕಿತ್ತುಕೊಂಡು ಒದ್ದೆ ಬಟ್ಟೆ ಎಳೆಯುವ ಕಡೆ ಹಾಕಿದರು. ನಾದಿನಿಗೆ ರಜೆ ಸಿಕ್ಕಿತು.

ಕ್ಯಾನ್ಸರೇ ಆಗಿತ್ತು. ಡಾಕ್ಟರಮ್ಮ ಅದನ್ನು ಹೇಳುವಾಗ ನಾದಿನಿಯ ಉಗುರು ನನ್ನ ಅಂಗೈಯೊಳಗಿತ್ತು. "ಚಿಕ್ಕದಿದೆ. ನಿಮ್ಮ ಕೈಗೆ ಸಿಗೋ ಮೊದಲೇ ನಮಗೆ ಸಿಕ್ಕಿದೆ. ಹೀಗೆ ಸಿಕ್ಕರೆ ವಾಸಿಯಾಗೋದು ಹೆಚ್ಚು," ಎಂದರು ಅವರು. ಹೊರಗೆ ಬಂದು ಕಾರಿಡಾರಿನ ಬೆಂಚಿನಲ್ಲಿ ಇಬ್ಬರೂ ಗೋಳೋ ಎಂದು ಅತ್ತೆವು.

ಆಮೇಲೆ ನಾನು ಒದ್ದೆ ಬಟ್ಟೆಯ ನಡುವೆ ನಿಂತು ಕಂಡಕಂಡವರ ತಲೆ ತಿನ್ನತೊಡಗಿದೆ. ತೋರಿಸಿಕೊಂಡೆಯಾ? ಯಾವಾಗ ಹೋಗ್ತೀಯ? ನೋವಿಲ್ಲ ಅಂದರೆ ಏನೂ ಇಲ್ಲ ಅಂತ ಯಾರು ಹೇಳಿದರು? ನನಗೆ "ವ್ಯಾನಮ್ಮ" ಎಂದು ಹೆಸರಿಟ್ಟರು. ಇಡಲಿ. ಗುತ್ತಿಗೆಯವರನ್ನೂ ಪಟ್ಟಿಗೆ ಸೇರಿಸುವವರೆಗೆ ಮ್ಯಾನೇಜರನ್ನೂ ಬಿಡಲಿಲ್ಲ.

ಆರು ತಿಂಗಳ ಮೇಲೆ ವ್ಯಾನು ಮತ್ತೆ ಬಂತು. ಅದೇ ವಾರ ನಾದಿನಿ ಚಿಕಿತ್ಸೆ ಮುಗಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಮರಳಿದ್ದಳು. ಸಾಲು ನೋಡಿ ಅವಳ ಮುಖ ಅರಳಿತು.

"ಎಷ್ಟು ಜನರನ್ನ ಕಳಿಸಿದೆ ಅತ್ತಿಗೆ?"

"ಇಪ್ಪತ್ತಮೂರು."

"ನೀನು?"

ನಾನು ಬುಟ್ಟಿಯಿಂದ ಒಂದು ಟವೆಲ್ಲು ತೆಗೆದು ಹಿಂಡತೊಡಗಿದೆ. ಅದು ಆಗಲೇ ಹಿಂಡಿದ ಟವೆಲ್ಲು.

"ನಾಳೆ ಹೋದ್ರಾಯ್ತು. ಇವತ್ತು ಕೆಲಸ ಜಾಸ್ತಿ."

"ಅತ್ತಿಗೆ," ಎಂದಳು ಅವಳು, ಮೆಲ್ಲಗೆ. "ಅವತ್ತು ನೋಡಿದ್ದು ನನ್ನ ಎದೆ. ನಿಂದನ್ನ ಇನ್ನೂ ಯಾರೂ ನೋಡಿಲ್ಲ."

ಆರು ತಿಂಗಳು ನಾನು ಊರವರ ಹಿಂದೆ ಬಿದ್ದದ್ದು ಈ ಒಂದು ಮಾತು ಕೇಳಿಸಬಾರದೆಂದೇ. ಅವಳು ನನ್ನ ಕೈಯಿಂದ ಟವೆಲ್ಲು ಕಿತ್ತುಕೊಂಡು, ತೋಳು ಹಿಡಿದು ವ್ಯಾನಿನ ಮೆಟ್ಟಿಲಿನವರೆಗೆ ನಡೆಸಿದಳು.

ಒಳಗೆ ನರ್ಸಮ್ಮ ನನ್ನ ಕಾರ್ಡ್ ನಂಬರು ಒತ್ತಿ, ಪರದೆ ನೋಡಿ ಹುಬ್ಬೇರಿಸಿದರು.

"ನಿಮ್ಮದು ಹೋದ ಸಲವೇ ಆಗಿದೆಯಲ್ಲ?"

ತಿರುಗಿ ನೋಡಿದರೆ ನಾದಿನಿ ಬಾಗಿಲಿಗೆ ಅಡ್ಡವಾಗಿ ಮೆಟ್ಟಿಲ ಮೇಲೆ ಕೂತಿದ್ದಳು.

"ಇಲ್ಲ," ಎಂದೆ. "ನಾನು ಬರ್ತಾ ಇರೋದು ಇದೇ ಮೊದಲು."