ಸೊಟ್ಟ ಕಾಲರು

ಗಂಡ ಸತ್ತು ಮೂರು ತಿಂಗಳಾದ ಮೇಲೆ ಅವಳು ಗಾರ್ಮೆಂಟ್ಸ್ ಕಾರ್ಖಾನೆಗೆ ಮರಳಿದಳು. ಹೊಲಿಗೆ ಮಷೀನುಗಳ ಸಾಲಿನಲ್ಲಿ ಯಾರೂ ಅವಳ ಮುಖ ನೋಡಿ ಮಾತಾಡಲಿಲ್ಲ. ಅವಳ ಹೊಲಿಗೆ ಎಲ್ಲೆಲ್ಲೋ ಹೋಯಿತು. ಸೂಪರ್‌ವೈಸರ್ ನೋಡಿ, "ಇರ್ಲಿ ಬಿಡಮ್ಮ" ಎಂದು ಮೆಲ್ಲಗೆ ಸರಿದುಹೋದ. ಆ ಮೆತ್ತನೆಯ ದನಿ ಸಾವಿನ ಮನೆಯದ್ದೇ ಅನ್ನಿಸಿತು. ಊಟದ ಗಂಟೆ ಹೊಡೆದೊಡನೆ ಕೆಲಸ ಬಿಟ್ಟು ಹೋಗಿಬಿಡೋಣ ಎಂದುಕೊಂಡಳು.

ಅಷ್ಟರಲ್ಲಿ ಅವಳೇ ಹೊಲಿದ ಅಂಗಿಯೊಂದು ಹಾರಿಬಂದು ಮಡಿಲಿಗೆ ಬಿತ್ತು. ಎಸೆದವಳು ಹೊಲಿದದ್ದನ್ನು ಪರೀಕ್ಷಿಸುವ ಚೆಕ್ಕಿಂಗ್ ಮೇಜಿನವಳು, ಎಲ್ಲರೂ ಗುಂಡಮ್ಮ ಎನ್ನುವ, ಎಂಟು ವರ್ಷಗಳಿಂದ ಅವಳ ಜೊತೆಗಿರುವ ಗೆಳತಿ.

"ಇದೇನೇ, ಕಾಲರೋ ಕೋತಿ ಬಾಲಾನೋ? ಬಿಚ್ಚಿ ಹೊಲಿ."

ಸಾಲಿಗೆ ಸಾಲೇ ತಿರುಗಿ ನೋಡಿತು. "ಪಾಪ, ಬಿಡೇ" ಎಂದಳು ಪಕ್ಕದವಳು.

"ಯಾಕ್ ಬಿಡ್ಲಿ? ಇವಳ ಕೈ ಎಂಥದು ಅಂತ ನಂಗೊತ್ತಿಲ್ವಾ?"

ಗುಂಡಮ್ಮನ ಕಣ್ಣು ಕೆಂಪಾಗಿತ್ತು. ದನಿ ಮಾತ್ರ ಎಂದಿನದೇ.

ಅವಳು ಒಂದೊಂದೇ ಹೊಲಿಗೆ ಬಿಚ್ಚಿದಳು. ಗಂಡನನ್ನು ಕಳಿಸಿಕೊಟ್ಟ ದಿನವೂ ಬಾರದ ಕಣ್ಣೀರು ಈಗ ಬಂದು ದಾರ ಕಾಣದಾಯಿತು. ಒರೆಸಿಕೊಂಡು ಮತ್ತೆ ಹೊಲಿದಳು. ತಾನೇ ಎದ್ದುಹೋಗಿ ಅಂಗಿಯನ್ನು ಮೇಜಿನ ಮೇಲೆ ಹಾಕಿದಳು.

"ಇನ್ನೂ ಸೊಟ್ಟ."

"ನಿನ್ ಕಣ್ಣೇ ಸೊಟ್ಟ."

ಮೂರು ತಿಂಗಳಲ್ಲಿ ಅವಳು ಜೋರಾಗಿ ಆಡಿದ ಮೊದಲ ಮಾತದು. ಊಟದ ಗಂಟೆ ಹೊಡೆದಾಗಲೂ ಅವಳು ತನ್ನ ಮಷೀನಿನ ಮುಂದೆ ಕೂತು, ಎರಡನೆಯ ಸಲ ಅದನ್ನೇ ಬಿಚ್ಚುತ್ತಿದ್ದಳು.